ಲಂಗರಮ್ಮ

ಸಮುದ್ರ ಪೇಟೆಯೊಳಗೆ ಬಂದು ಕೂತ ಮೇಲೆ ಟಿವಿ ವಾರ್ತೆ ದೋಣಿಯಿಂದಲೇ ಬರುತ್ತಿತ್ತು. ಓದುವವಳು ಸುದ್ದಿಯಾದ ಕೇರಿಗೇ ಹೋಗಿ ಲಂಗರು ಇಳಿಸಬೇಕು. ವಾರ್ತೆ ಓದಿ, ಕೇರಿಯವರ ಕೊನೆಯ ಪ್ರಶ್ನೆಗೂ ಉತ್ತರ ಕೊಟ್ಟ ಮೇಲೆಯೇ ಅದನ್ನು ಎತ್ತಬೇಕು. ಅದಕ್ಕೇ ಜನ ಅವಳನ್ನು ಲಂಗರಮ್ಮ ಎನ್ನುತ್ತಿದ್ದರು.

ಇಂದು ಲಂಗರಮ್ಮ ಮೋಹಿನಿ ಕಾಂಚನ್ ಓದಬೇಕಿದ್ದದ್ದು ಒಂದೇ ಸಾಲು: 'ತಡೆಗೋಡೆ ಭದ್ರವಾಗಿದೆ, ಗೂಡಿನಕೇರಿಯವರು ಹೆದರಬೇಕಿಲ್ಲ.' ಆದರೆ ದೋಣಿ ಕೇರಿಗೆ ಬಂದಾಗ ಎದುರಿಗೇ ಆ ಗೋಡೆಯ ಬಿರುಕಿನಿಂದ ನೀರು ಚಿಮ್ಮುತ್ತಿತ್ತು. ಜನ ಮಕ್ಕಳನ್ನೆತ್ತಿಕೊಂಡು ತಾರಸಿಗಳ ಮೇಲೆ ನಿಂತಿದ್ದರು.

"ಇಂಜಿನ್ ಬಂದ್ ಮಾಡ್ಬೇಡಿ," ಎಂದ ಜೊತೆಗಿದ್ದ ಚಾನೆಲ್ ಮ್ಯಾನೇಜರ್ ವಿಲ್ಫ್ರೆಡ್. "ಹೋಗ್ತಾ ಹೋಗ್ತಾ ಓದಿ ಮುಗಿಸಿ ಮಾರಾಯ್ರೆ. ಮೇಲಿಂದ ಆರ್ಡರ್ ಉಂಟು."

"ಲಂಗರು ಹಾಕದೆ ಓದಿದ್ರೆ ಅದು ವಾರ್ತೆಯಾ?"

"ನಿಮ್ಮ ಕೆಲಸ ಹೋಗ್ತದೆ, ನೋಡಿ."

"ಹೋಗ್ಲಿ. ಇಲ್ಲಿ ಇವರ ಮನೆಯೇ ಹೋಗ್ತಾ ಉಂಟು."

ಮೋಹಿನಿ ಕ್ಯಾಮೆರಾ ಆನ್ ಮಾಡಿ, ಲಂಗರನ್ನು ನೀರಿಗೆಸೆದಳು. ಹಗ್ಗ ಸರ್ರನೆ ಇಳಿದು ಬಿಗಿಯಿತು.

ವಿಲ್ಫ್ರೆಡ್ ಹೌಹಾರಿ ಕಿರುಚಿದ: "ಎತ್ತಿ ಅದನ್ನು! ಗೋಡೆ ಈಗ ಒಡೀತದೆ, ನಾವೂ ಮುಳುಗ್ತೇವೆ!"

ಇಡೀ ಊರು ಅದನ್ನು ನೇರಪ್ರಸಾರದಲ್ಲಿ ಕೇಳಿತು.

"ಇದು ಇವತ್ತಿನ ವಾರ್ತೆ," ಎಂದಳು ಮೋಹಿನಿ, ತಾರಸಿಗಳತ್ತ ಮುಖವೆತ್ತಿ. "ದೋಣಿ ಇದ್ದವರೆಲ್ಲ ಬೇಗ ಇಲ್ಲಿಗೆ ಬನ್ನಿ. ಕೇರಿಯವರು ನಿಮ್ಮ ಪ್ರಶ್ನೆ ಕೇಳಿ, ನಾನು ಇಲ್ಲೇ ಇದ್ದೇನೆ."