ಕೋವಿಗೆ ಬೇಡದ ಲೈಸೆನ್ಸ್

ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಸಾಕು, ಈಗಲೂ ನಾನು ಬಾಳೆಲೆ ಎಂಬ ಊರಿನ ಅಜ್ಜನ ಮನೆಯ ಜಗಲಿಯಲ್ಲಿರುತ್ತೇನೆ.

ಸೈನ್ಯದಲ್ಲಿ ತಂತಿಭಾಷೆ ಕಲಿತು ಬಂದಿದ್ದ ಮಾವ ಅಲ್ಲಿ ತಾವೇ ಬೆಸುಗೆ ಹಾಕಿ ಕಟ್ಟಿದ ರೇಡಿಯೋ ಇಟ್ಟುಕೊಂಡು, ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಬರೀ ಬಡಿತದಲ್ಲೇ ಮಾತಾಡುವ ಆ ಭಾಷೆಯಲ್ಲಿ ಎಲ್ಲರಿಗಿಂತ ಚುರುಕು ಅವರ ತಂಗಿ, ನನ್ನ ಚಿಕ್ಕಮ್ಮ. ಅವಳನ್ನು ಮದರಾಸಿಗೆ ಪರೀಕ್ಷೆಗೆ ಕರೆದೊಯ್ಯಲೇ ಎಂದು ಒಂದು ಮಧ್ಯಾಹ್ನ ಮಾವ ಅಜ್ಜನನ್ನು ಕೇಳಿದರು.

ಅಜ್ಜ ಗೋಡೆಯ ಕೋವಿ ತೋರಿಸಿ ನಕ್ಕರು. "ಕೊಡವರಿಗೆ ಇದಕ್ಕೇ ಲೈಸೆನ್ಸ್ ಬೇಡ. ನಿನ್ನ ಡಬ್ಬಕ್ಕೆ ಬೇಕಾ ಮಾರಾಯ?"

ಚಿಕ್ಕಮ್ಮ ತಲೆಯೆತ್ತಲಿಲ್ಲ. ಚಮಚದಿಂದ ಕಾಫಿ ಲೋಟಕ್ಕೆ ಟಕಟಕ ಬಡಿದಳು.

"ಏನಂತೆ ಇವಳದ್ದು?"

"ಹೋಗ್ತೇನೆ ಅಂತಿದ್ದಾಳೆ, ಅಪ್ಪಾ."

"ಬಾಯಿಲ್ವಾ ಅವಳಿಗೆ? ಬರುವ ವರ್ಷ ನೋಡುವ."

ಬರುವ ವರ್ಷದೊಳಗೆ ಯುದ್ಧ ಬಂತು. ಲೈಸೆನ್ಸ್ ಕೊಡುವುದೇ ನಿಂತುಹೋಯಿತು. ಯುದ್ಧ ಮುಗಿಯುವವರೆಗೆ ಮನೆಗಳಲ್ಲಿ ಇಂಥದ್ದು ಇರಕೂಡದೆಂದು ಸರ್ಕಾರದವರು ಜೀಪು ತಂದು ಮಾವನ ರೇಡಿಯೋ ಒಯ್ದರು; ಕೋವಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಸೌಟಿನಿಂದ ಪಾತ್ರೆಯ ಅಂಚಿಗೆ ಅದೇ ಟಕಟಕ ಬಡಿಯುತ್ತಿದ್ದಳು. ಅಜ್ಜ ಜಗಲಿಯಲ್ಲಿ ಕೂತು ಕೊನೆಯವರೆಗೂ ಕೇಳಿಸಿಕೊಂಡರು. ಏನಂತೆ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ.