ಹೆಸರಿನ ಮುಂದೆ

ಮುಂಬಯಿಯ ಘಾಟ್ಕೋಪರಿನ ಏಜೆಂಟನ ಆಫೀಸಿನಲ್ಲಿ ದುಬೈ ಕಂಪನಿಯ ಸಾಹೇಬ ಬಸವಂತರಾಯನ ಎರಡೂ ಅಂಗೈಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತಲೆಯಾಡಿಸಿ, "ಪಾಸ್" ಎಂದ. ಬಾಗಿಲಲ್ಲಿ ನಿಂತಿದ್ದ ಅಪ್ಪ ಅಣವೀರಪ್ಪನಿಗೆ ಹೋದ ಜೀವ ಬಂದಂತಾಯಿತು.

ಮಗ ಬಿ.ಎ. ಪಾಸಾದಾಗಲೂ ಅವನಿಗೆ ಇಷ್ಟು ಹಗುರವೆನಿಸಿರಲಿಲ್ಲ. ಅನಿಸುವುದಾದರೂ ಹೇಗೆ? ಎರಡು ವರ್ಷ ಚಪ್ಪಲಿ ಸವೆಸಿದರೂ ಇಡೀ ಮುಂಬಯಿಯಲ್ಲಿ ಆ ಬಿ.ಎ.ಗೆ 'ಕೂಡಪ್ಪಾ' ಅಂದವರಿಲ್ಲ. ದುಬೈಗೆ ಸಿಗುತ್ತಿದ್ದುದು ಗೋಡೆ ಕಟ್ಟುವ ಗೌಂಡಿಯ ವೀಸಾ ಒಂದೇ. "ಕೈ ಕಲ್ಲಾಗಿರಬೇಕು, ಕಾಗದಕ್ಕ ಹೆಬ್ಬೆಟ್ಟು ಒತ್ತಬೇಕು. ಓದಿದವರು ಅವರಿಗಿ ಬ್ಯಾಡ. ಲೆಕ್ಕಾ ಕೇಳ್ತಾರ, ಯೂನಿಯನ್ ಕಟ್ತಾರ" ಎಂದು ಏಜೆಂಟ್ ಮುರಿಗೆಪ್ಪ ಮೊದಲೇ ಹೇಳಿದ್ದ.

ಅಲ್ಲಿಂದ ಶುರುವಾಯಿತು ಬಿ.ಎ.ಯ ಮುಂದಿನ ಓದು. ಮಗ ಇಟ್ಟಿಗೆ ಮುಟ್ಟಿದರೆ ಬೈಯುತ್ತಿದ್ದ ಅಪ್ಪನೇ ಅವನನ್ನು ತಾನು ಗೌಂಡಿ ಕೆಲಸ ಮಾಡುವ ಸೈಟಿಗೆ ಕರೆದೊಯ್ದು ಬುಟ್ಟಿ ಹೊರಿಸಿದ, ಕರಣಿ ಹಿಡಿಸಿದ. ಗುಳ್ಳೆ ಎದ್ದ ಕೈಗೆ ತಾಯಿ ಹನುಮವ್ವ ಬೆಣ್ಣೆ ಸವರಲು ಬಂದರೆ, "ಏ, ಕೈ ಮೆತ್ತಗಾದ್ರ ವೀಸಾ ಹೋತು!" ಎಂದು ಹರಿಹಾಯ್ದ. ಇಲ್ಲಿ ಇಟ್ಟಿಗೆ ಹೊತ್ತರೆ ಕೂಲಿ, ಅಲ್ಲಿ ಹೊತ್ತರೆ ಫಾರಿನ್. ಆಂಟಾಪ್ ಹಿಲ್‌ನ ಅವರ ಸಾಲುಮನೆಗಳ ಚಾಳಿನಲ್ಲಿ ಇದನ್ನು ಒಪ್ಪದವರೇ ಇರಲಿಲ್ಲ.

ಸಾಹೇಬ ಕರಾರುಪತ್ರವನ್ನು ಮುಂದೆ ತಳ್ಳಿದ. ಮುರಿಗೆಪ್ಪ ಮಸಿಯ ಡಬ್ಬಿ ತೆರೆಯುವಷ್ಟರಲ್ಲಿ ಬಸವಂತರಾಯ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ಝರ್ರೆಂದು ಇಂಗ್ಲಿಷಿನಲ್ಲಿ ಸಹಿ ಜಡಿದು, ಕೆಳಗೊಂದು ಗೀಟು ಎಳೆದೇಬಿಟ್ಟ. ಸಾಹೇಬ ಕಾಗದ ಎತ್ತಿ ಓದಿದ. ನಕ್ಕ. ಹರಿದು ಬುಟ್ಟಿಗೆ ಹಾಕಿ "ನೆಕ್ಸ್ಟ್" ಎಂದ.

"ಏನ್ ಬರದ್ಯೋ?" ಹೊರಗೆ ಬಂದ ಮಗನನ್ನು ಅಣವೀರಪ್ಪ ಹಿಡಿದು ನಿಲ್ಲಿಸಿದ.

"ಹೆಸರು, ಯಪ್ಪಾ."

"ಬರೇ ಹೆಸರ?"

"ಮುಂದ ಬಿ.ಎ. ಅಂತ... ರಿಸಲ್ಟ್ ಬಂದಾಗಿಂದ ಹಂಗೇ ಬರದು ಬರದು ಕೈಗಿ ರೂಢಿ ಆಗ್ಯಾದ."

ಬಾಯಿಗೆ ಬಂದ ಬೈಗುಳವನ್ನು ಅಣವೀರಪ್ಪ ನುಂಗಿಕೊಂಡ. ಆ ರೂಢಿ ಹಚ್ಚಿದವನು ತಾನೇ. 'ಎಲ್ಲಿ, ಇನ್ನೊಮ್ಮಿ ಬರಿ' ಎಂದು ಬರೆಸಿ ಚಾಳಿಗೆಲ್ಲ ತೋರಿಸಿದವನೂ ತಾನೇ. ವೀಸಾ ಕೈತಪ್ಪಿದ ಸಂಕಟದೊಳಗೇ ಮಾನಗೆಟ್ಟ ಒಂದು ಹೆಮ್ಮೆ ಇಣುಕಿತು. ಮಗನ ಡಿಗ್ರಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಸಾಹೇಬ ಇವನೇ ಅಲ್ಲವೇ!

ಅಷ್ಟರಲ್ಲಿ ಮುರಿಗೆಪ್ಪ ಓಡಿಬಂದ. "ಒಂದ್ ಜಾಗಾ ಖಾಲಿ ಉಳೀತು, ಇವತ್ತೇ ತುಂಬಬೇಕು. ಕಾಕಾ, ನಿಮ್ಮ ಕೈ ತೋರಸ್ರಿ."

"ನಂದಾ? ಐವತ್ತರ ಹತ್ರ ಬಂದೀನಪ್ಪಾ."

"ನಲವತ್ತು ಅಂತ ಬರಸೋಣು. ನಡೀರಿ ಒಳಗ."

ಅಣವೀರಪ್ಪ ಮಗನ ಮುಖ ನೋಡಿದ. ಮಗ ನೆಲ ನೋಡಿದ. ಒಳಗೆ ಹೋದರೆ, ಸಾಹೇಬ ಆ ಅಂಗೈಯನ್ನು ಒತ್ತುವ ಗೋಜಿಗೇ ಹೋಗಲಿಲ್ಲ. ಸುಮ್ಮನೆ ಮುಟ್ಟಿ ಕೈಬಿಟ್ಟ. "ಪಾಸ್."

ಮುರಿಗೆಪ್ಪ ಪಾಸ್‌ಪೋರ್ಟಿನ ಅರ್ಜಿ ತಂದು ಹೊರಗಿನ ಬೆಂಚಿನ ಮೇಲೆ ಬಸವಂತರಾಯನ ಮುಂದಿಟ್ಟ. "ಇಂಗ್ಲಿಷ್‌ನಾಗ ತುಂಬಬೇಕು. ನೀ ಓದಿದಾಂವ ಇದ್ದೀ, ತುಂಬು."

ಬಿ.ಎ.ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಬಸವಂತರಾಯ ತಡವರಿಸುತ್ತ ಅಪ್ಪನ ಹೆಸರನ್ನು ದುಂಡಗೆ ಬರೆದ. ಮಗನ ಹೆಗಲ ಮೇಲಿಂದ ಬಗ್ಗಿ, ತನಗೆ ಓದಲು ಬಾರದ ಆ ಅಕ್ಷರಗಳನ್ನು ಅಣವೀರಪ್ಪ ಬಹಳ ಹೊತ್ತು ನೋಡಿದ.

"ಚಂದ ಬಂದಾದ. ಮುಂದ ಮತ್ತೇನೂ ಬರೀಬ್ಯಾಡ, ತಮ್ಮಾ."