ಇಕಿ ಹೆಸರು ತಗೀರಿ

ಸಮುದಾಯ ಕಾಲೇಜಿನಲ್ಲಿ ಫ್ರಿಜ್ ರಿಪೇರಿ ಕಲಿಯುವ ಹೆಂಗಸರಿಗೆ ಫೀಸು ಮಾಫಿ, ಮೇಲೆ ಬಸ್ಸಿನ ಖರ್ಚನ್ನೂ ಕೊಡುತ್ತಿದ್ದರು. ಆದರೆ ಒಂದು ಮನೆಯಿಂದ ಒಬ್ಬರಿಗೆ ಮಾತ್ರ. ಫಕೀರವ್ವನ ಸೊಸೆ ಶಶಿಕಲಾ ಆಯ್ಕೆಯಾಗಿದ್ದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫಕೀರವ್ವ ಪ್ರಾಂಶುಪಾಲರ ಕೋಣೆಗೆ ನುಗ್ಗಿದಳು. ಹಿಂದೆಯೇ ಸೊಸೆ ಕೂಸನ್ನು ಕಂಕುಳಿಗೇರಿಸಿಕೊಂಡು ಓಡಿಬಂದಳು.

“ಇಕಿ ಹೆಸರು ತಗೀರಿ, ಸಾಹೇಬ್ರ!”

“ಯಾಕವಾ, ಏನಾತು?”

“ಕೂಸು ಇನ್ನಾ ಮಲಿ ಬಿಟ್ಟಿಲ್ಲ. ಇಕಿ ಇಲ್ಲಿ ಬಂದು ಕುಂತ್ರ ಅದನ್ನ ಯಾರು ನೋಡಬೇಕು?”

“ನೀವು ನೋಡಬಾರದೇನ್ರಿ ಅತ್ತಿ? ಮನ್ಯಾಗ ನಿಮಗ ಬ್ಯಾರೆ ಏನ್ ಕೆಲಸ ಐತಿ?” ಶಶಿಕಲಾಳ ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು.

“ಬಾಯಿ ಮುಚ್ಚ! ಮನಿಗೆ ಬಂದಾಗಿಂದ ಬರೇ ನಿಂದ ನಡದೈತಿ.”

“ನಾ ಮುಂದ ಬರೋದು ನಿಮಗ ಸೇರಂಗಿಲ್ಲ. ಹೊಟ್ಟಿಕಿಚ್ಚು!”

ಪ್ರಾಂಶುಪಾಲರು ಮೇಜು ಕುಟ್ಟಿದರು. “ಹೆಣ್ಣಾಗಿ ಹೆಣ್ಣುಮಗಳ ಕಲಿಕಿ ತಪ್ಪಸ್ತೀರಲ್ಲ, ನಾಚಿಕಿ ಬರಂಗಿಲ್ಲೇನು ನಿಮಗ? ಹೊರಗ ಹೋಗ್ತೀರೋ, ವಾಚ್‌ಮನ್ನ ಕರೀಲೋ?”

ಫಕೀರವ್ವ ಹೆದರಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕುಳಿತಳು. ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ.

“ನಲವತ್ತೈದು ದಾಟಿದವರನ್ನ ನೀವು ತಗೋಳಂಗಿಲ್ಲ ಅಂತಲ್ರಿ. ನನಗ ಈಗ ನಲವತ್ತೈದು. ಇಕಿಗೆ ಇನ್ನಾ ಇಪ್ಪತ್ತೊಂದು, ಬರೋ ವರ್ಷ ಕಲೀಲಿ. ಈ ಸಲ ನನ್ನ ಹೆಸರು ಹಚ್ಚರಿ.”